ಕ್ರಯಪತ್ರದಿಂದ ಕೌದಿಯವರೆಗೆ: ಮನೆ ಮಾಡುವವರಿಗೆ ಹದಿನಾರು ಸೂತ್ರಗಳು

ಮನೆಯ ವ್ಯವಹಾರವನ್ನು ಒಬ್ಬರ ತಲೆಗೇ ಕಟ್ಟುವ ರೂಢಿ ನಮ್ಮಲ್ಲಿ ಹಳೆಯದು. ಬ್ಯಾಂಕು, ನೋಂದಣಿ ಕಚೇರಿ ಗಂಡಿಗೆ. ಹಾಸಿಗೆ, ಹೊದಿಕೆ ಹೆಣ್ಣಿಗೆ. ಸಾಲ ಎಷ್ಟಿದೆ ಎಂದು ಹೆಂಡತಿಗೆ ತಿಳಿದಿರುವುದಿಲ್ಲ, ಬೀರುವಿನಲ್ಲಿ ಯಾವ ಕಾಗದವಿದೆ ಎಂದು ಮಕ್ಕಳಿಗೆ ತಿಳಿದಿರುವುದಿಲ್ಲ, ಕೊಟ್ಟ ಮಗಳ ಸಹಿ ಯಾಕೆ ಬೇಕು ಎಂದು ಅಣ್ಣತಮ್ಮಂದಿರಿಗೆ ಹೊಳೆಯುವುದೇ ಇಲ್ಲ. ಮುಂದೆ ಬರುವ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ. ಮನೆಯ ಲೆಕ್ಕ, ಕಾಗದ, ಕೈಕೆಲಸ ಮೂರೂ ಮನೆಮಂದಿಗೆಲ್ಲ ಗೊತ್ತಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಕರ್ನಾಟಕದಲ್ಲಿ ಸೈಟೋ ಫ್ಲ್ಯಾಟೋ ಕೊಳ್ಳಲು ಹೊರಟವರನ್ನು ಕಣ್ಣೆದುರಿಗಿಟ್ಟುಕೊಂಡು ಈ ಸೂತ್ರಗಳನ್ನು ಬರೆದಿದ್ದೇನೆ. ಕೊಂಡ ಮನೆಯಲ್ಲಿ ಎಲ್ಲರೂ ಒಂದೆಡೆ ಕೂತು ಮಾಡುವ ಒಂದು ಕೆಲಸವನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

1. ಮನೆ ನೋಡುವ ಮೊದಲು ಕೈಯಲ್ಲಿರುವ ಹಣ ಎಣಿಸಿ

60 ಲಕ್ಷದ ಮನೆ ಎಂದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ ಶೇ 80ರವರೆಗೆ, ಅದಕ್ಕೂ ಮೇಲ್ಪಟ್ಟರೆ ಶೇ 75ರವರೆಗೆ ಮಾತ್ರ ಬ್ಯಾಂಕು ಕೊಡಬಹುದು. ಅಂದರೆ 60 ಲಕ್ಷದ ಮನೆಗೆ ಹೆಚ್ಚೆಂದರೆ 48 ಲಕ್ಷ ಸಾಲ. 12 ಲಕ್ಷ ನಿಮ್ಮದು. ಇಷ್ಟು ಲೆಕ್ಕ ಎಲ್ಲರೂ ಹಾಕುತ್ತಾರೆ. ಮರೆಯುವುದು ನೋಂದಣಿಯ ಖರ್ಚನ್ನು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಮತ್ತು ಸರ್‌ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಒಟ್ಟು ಶೇ 7.6, ಅಂದರೆ ನಾಲ್ಕೂವರೆ ಲಕ್ಷದ ಮೇಲೆ. ಇದನ್ನು ಬ್ಯಾಂಕು ಮನೆಯ ಬೆಲೆಯಲ್ಲಿ ಸೇರಿಸುವುದಿಲ್ಲ. ಹದಿನಾರೂವರೆ ಲಕ್ಷ ಕೈಯಲ್ಲಿಲ್ಲದೆ 60 ಲಕ್ಷದ ಮನೆಯ ಮಾತು ಆಡಬೇಡಿ. ಇನ್ನೂ ಕಟ್ಟುತ್ತಿರುವ ಫ್ಲ್ಯಾಟಾದರೆ ಜಿಎಸ್‌ಟಿ ಬೇರೆ. ಅಡುಗೆಮನೆಯ ಕಪಾಟು, ಕಿಟಕಿಯ ಜಾಳಿಗೆ, ಸಾಮಾನು ಸಾಗಿಸುವ ಲಾರಿ ಇವೆಲ್ಲ ಆಮೇಲಿನ ಮಾತು.

2. ಕಂತು ಸಣ್ಣದಿರಲಿ ಎನ್ನಬೇಡಿ, ಅವಧಿ ಸಣ್ಣದಿರಲಿ ಎನ್ನಿ

ಅದೇ 48 ಲಕ್ಷ ಸಾಲವನ್ನು ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 41,650 ರೂಪಾಯಿ. ಬಡ್ಡಿಯೇ 52 ಲಕ್ಷದ ಹತ್ತಿರ ಹೋಗುತ್ತದೆ. 15 ವರ್ಷಕ್ಕಾದರೆ ಕಂತು 47,270. ಬಡ್ಡಿ 37 ಲಕ್ಷ. ತಿಂಗಳಿಗೆ 5,600 ಹೆಚ್ಚು ಕಟ್ಟಿದರೆ ಹದಿನೈದು ಲಕ್ಷದ ಹತ್ತಿರ ಉಳಿಯಿತು. ಈ ಲೆಕ್ಕವನ್ನು ಊಟದ ಮೇಜಿನ ಮೇಲೆ ಕಾಗದ ಹರಡಿ ಮಕ್ಕಳೆದುರೇ ಮಾಡಿ. ಹೈಸ್ಕೂಲು ಓದುವ ಮಗುವಿಗೆ ಚಕ್ರಬಡ್ಡಿ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಬೋನಸ್ಸು ಬಂದ ವರ್ಷ ಅದನ್ನು ಅಸಲಿಗೆ ಹಾಕಿ.

3. ಬೇಸಿಗೆಯಲ್ಲಿ ಒಮ್ಮೆ, ಜೋರು ಮಳೆಯಲ್ಲಿ ಒಮ್ಮೆ ಜಾಗ ನೋಡಿ

ಡಿಸೆಂಬರಿನ ತಂಪಿನಲ್ಲಿ ಎಲ್ಲ ಬಡಾವಣೆಗಳೂ ಚೆಂದ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿ, ಹೊಸ ಅಪಾರ್ಟ್‌ಮೆಂಟುಗಳ ಜನ ಟ್ಯಾಂಕರಿಗೆ ಕಾದು ಕುಳಿತರು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ದುಬಾರಿ ಮನೆಗಳ ಹಜಾರಕ್ಕೇ ನೀರು ನುಗ್ಗಿತು. ಹಾಗಾಗಿ ಏಪ್ರಿಲ್‌ನಲ್ಲಿ ಹೋಗಿ ಪಕ್ಕದ ಮನೆಯವರನ್ನು ನೀರಿನ ಬಗ್ಗೆ ಕೇಳಿ, ಮಳೆ ಸುರಿಯುವಾಗ ಹೋಗಿ ರಸ್ತೆ ನೋಡಿ.

ಜಾಗದ ಮೇಲೆ ನಿಂತು ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ತೆರೆಯಿರಿ. ರಾಜ್ಯ ಸರ್ಕಾರದ್ದೇ ಆ್ಯಪ್ ಇದು. ನೀವು ನಿಂತ ನೆಲದ ಸರ್ವೆ ನಂಬರು ಬರುತ್ತದೆ, ಸುತ್ತಲಿನ ಕೆರೆ, ಕಾಲುವೆ, ಸರ್ಕಾರಿ ಜಮೀನು ಎಲ್ಲ ಕಾಣುತ್ತದೆ. ಮಾರುವವರು ಹೇಳಿದ ಸರ್ವೆ ನಂಬರು ಒಂದು, ಪರದೆಯ ಮೇಲೆ ಬಂದದ್ದು ಇನ್ನೊಂದು ಎಂದಾದರೆ ಸರ್ವೆ ಮಾಡಿಸಿ ಖಚಿತಪಡಿಸಿಕೊಳ್ಳುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ರಾಜಕಾಲುವೆಯ ಅಂಚಿನ ಸೈಟು ಅಗ್ಗಕ್ಕೆ ಸಿಕ್ಕರೂ ಬೇಡ.

4. ಇಸಿ ತೆಗೆಸಿದರೆ ಸಾಲದು, ಸಾಲುಸಾಲಾಗಿ ಓದಿ

ಋಣಭಾರ ಪ್ರಮಾಣಪತ್ರವನ್ನು ಎಲ್ಲರೂ ಇಸಿ ಎಂದೇ ಕರೆಯುವುದು. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. 2004ರಿಂದೀಚಿನ ದಾಖಲೆ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಮೊರೆಹೋಗಬೇಕು. ಮೂವತ್ತು ವರ್ಷದ್ದಾದರೂ ತೆಗೆಸಿ. ವ್ಯವಹಾರ ನಡೆದಿದ್ದರೆ ನಮೂನೆ 15, ಏನೂ ನಡೆದಿಲ್ಲವಾದರೆ ನಮೂನೆ 16 ಬರುತ್ತದೆ.

ಈಗ ಓದುವ ಕೆಲಸ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಮೂಲಪತ್ರಗಳನ್ನು ಹಿಡಿದು ತಾಳೆ ನೋಡಲಿ. ಬರೆದುಕೊಟ್ಟವರು ಯಾರು, ಬರೆಸಿಕೊಂಡವರು ಯಾರು? ಇಂದು ಬರೆಸಿಕೊಂಡವರೇ ಮುಂದಿನ ಪತ್ರದಲ್ಲಿ ಬರೆದುಕೊಟ್ಟವರಾಗಿರಬೇಕು. ನಡುವೆ ಒಂದು ಹೆಸರು ಕಾಣೆಯಾದರೆ ಕೊಂಡಿ ಕಳಚಿದೆ ಎಂದೇ ಅರ್ಥ. ಅಡಮಾನದ ನಮೂದು ಇದ್ದರೆ ಅದನ್ನು ಬಿಡಿಸಿಕೊಂಡ ಖುಲಾಸೆ ಪತ್ರದ ನಮೂದೂ ಇರಬೇಕು. ಆಮೇಲೆ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸೈಟು ಎಂದು ಹಳೆಯ ಪತ್ರದಲ್ಲಿದ್ದು, ಹೊಸ ಪತ್ರದಲ್ಲಿ ರಸ್ತೆ ದಕ್ಷಿಣಕ್ಕೆ ಹೋಗಿದ್ದರೆ ಯಾಕೆಂದು ಕೇಳಿ. ಅಳತೆಯಲ್ಲಿ ಎರಡಡಿ ವ್ಯತ್ಯಾಸವಿದ್ದರೂ ಕೇಳಿ.

ಇಸಿಯಲ್ಲಿ ಕಾಣದ ಸಂಗತಿಗಳೂ ಇವೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ನ್ಯಾಯಾಲಯದಲ್ಲಿರುವ ದಾವೆ, ಬಾಕಿ ತೆರಿಗೆ ಯಾವುದೂ ಅದರಲ್ಲಿ ಬರುವುದಿಲ್ಲ. ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ಎತ್ತಿದ್ದರೆ ಅದೂ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ‘ಸೆರ್ಸಾಯ್’ ಎಂಬ ಕೇಂದ್ರೀಯ ನೋಂದಣಿಯಲ್ಲಿ ಅಲ್ಪ ಶುಲ್ಕ ಕಟ್ಟಿ ಹುಡುಕಬಹುದು. ಇಂಥ ಹುಡುಕಾಟಕ್ಕೆ ಹೋಗುವ ವಾರ ವ್ಯರ್ಥವಲ್ಲ.

5. ಹೆಣ್ಣುಮಕ್ಕಳ ಸಹಿ ಇಲ್ಲದ ಪಿತ್ರಾರ್ಜಿತ ಆಸ್ತಿ ಕೊಳ್ಳಬೇಡಿ

ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ಆದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು. ಕರ್ನಾಟಕ ಅದಕ್ಕೂ ಮೊದಲೇ, 1994ರ ಜುಲೈನಿಂದ, ತನ್ನದೇ ತಿದ್ದುಪಡಿ ಜಾರಿಗೆ ತಂದಿತ್ತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಕೇಂದ್ರದ ಕಾನೂನು ಆ ಅಡ್ಡಿಯನ್ನು ತೆಗೆಯಿತು. 2005ರಲ್ಲಿ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಬಗೆಹರಿಸಿ, ಬೇಕಿಲ್ಲ ಎಂದಿತು.

‘ಅಕ್ಕ ಕೇಳಲ್ಲ ಬಿಡಿ, ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ’ ಎಂದು ಮಾರುವವರು ಹೇಳಿದರೆ ಆ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ವಂಶವೃಕ್ಷ ತರಿಸಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರುಗಳಿವೆಯೇ ನೋಡಿ. ಗಂಡುಮಕ್ಕಳ ಹೆಸರಷ್ಟೇ ಬರೆದು ತಂದ ವಂಶವೃಕ್ಷಗಳು ಧಾರಾಳವಾಗಿ ಓಡಾಡುತ್ತವೆ. ಅಕ್ಕತಂಗಿಯರು ಕ್ರಯಪತ್ರಕ್ಕೆ ಬಂದು ಸಹಿ ಹಾಕಲಿ, ಅವರ ಪಾಲಿನ ಹಣ ಅವರ ಖಾತೆಗೇ ಹೋಗಲಿ. ಇದು ನಿಮ್ಮ ಕ್ಷೇಮಕ್ಕೂ ಹೌದು, ನ್ಯಾಯಕ್ಕೂ ಹೌದು. ತೀರಿಕೊಂಡ ಮಗಳಿಗೆ ಮಕ್ಕಳಿದ್ದರೆ ಅವರನ್ನೂ ಮರೆಯಬೇಡಿ.

6. ಖಾತೆ ತೆರಿಗೆಗೆ, ಹಕ್ಕಿಗೆ ಕ್ರಯಪತ್ರ

ಖಾತೆ ಇದೆ ಎಂದ ಮಾತ್ರಕ್ಕೆ ಆಸ್ತಿ ಅವರದೆಂದು ಅರ್ಥವಲ್ಲ. ತೆರಿಗೆ ಕಟ್ಟುವವರು ಯಾರೆಂದು ಅದು ಹೇಳುತ್ತದೆ, ಅಷ್ಟೆ. ಹಾಗೆಂದು ಖಾತೆಯಿಲ್ಲದೆ ಮುಂದೆ ಹೋಗುವುದೂ ಆಗದು. ಬೆಂಗಳೂರಿನಲ್ಲಿ ಈಗ ಇ-ಖಾತೆಯಿಲ್ಲದೆ ನೋಂದಣಿಯೇ ಇಲ್ಲ, ಗ್ರಾಮ ಪಂಚಾಯಿತಿ ಆಸ್ತಿಯಾದರೆ ಇ-ಸ್ವತ್ತು ಬೇಕು. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ‘ಮಾರುವ’ ಸೈಟುಗಳಿಂದ ದೂರವಿರಿ: ಅಧಿಕಾರಪತ್ರದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿಯಾಗಿದೆ.

7. ಮಂಜೂರಾದ ಜಮೀನೇ ಎಂದು ಕೇಳಿ

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಹೇಳುವುದು ಇದನ್ನೇ. ಹಾಗೆ ಮಾರಿದ ಜಮೀನನ್ನು ಮರಳಿ ಕೇಳಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಬಡವರ ಕೈಯಿಂದ ನೆಲ ಜಾರಿಹೋಗಬಾರದೆಂದು ಮಾಡಿದ ಕಾನೂನಿದು, ಅದನ್ನು ಬಳಸಿಕೊಂಡು ಹೋಗುವ ದಾರಿ ಹುಡುಕಬೇಡಿ. ಪಹಣಿಯ ಹಿಂದಿನ ಮಂಜೂರಾತಿ ಕಡತವನ್ನು ತಹಶೀಲ್ದಾರ್ ಕಚೇರಿಯಲ್ಲಿ ನೋಡಿಸಿ.

8. ಫ್ಲ್ಯಾಟಾದರೆ ಕಾರ್ಪೆಟ್ ಅಳತೆಯಲ್ಲೇ ಬೆಲೆ ಕಟ್ಟಿ

1,200 ಚದರಡಿಯ ಫ್ಲ್ಯಾಟು ಎಂದು ಹೇಳಿದ್ದರಲ್ಲಿ ನೀವು ಚಾಪೆ ಹಾಸಬಹುದಾದ ಜಾಗ 850-900 ಚದರಡಿ ಇದ್ದರೆ ಹೆಚ್ಚು. ಉಳಿದದ್ದು ಮೆಟ್ಟಿಲು, ಲಿಫ್ಟು, ಹಜಾರಗಳ ಪಾಲು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಕಾರ್ಪೆಟ್ ಅಳತೆಯನ್ನು ಖಚಿತವಾಗಿ ವ್ಯಾಖ್ಯಾನಿಸಿದೆ, ಅದರಲ್ಲೇ ವ್ಯವಹರಿಸಿ. ನೋಂದಾಯಿತ ಕರಾರು ಮಾಡಿಕೊಡದೆ ಬಿಲ್ಡರು ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ತಿಳಿಸಿದ 30 ದಿನದೊಳಗೆ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಸೋರುವ ಗೋಡೆಯ ಫೋಟೊ ತೆಗೆದಿಟ್ಟು, ಬಾಯಿಮಾತಿನಲ್ಲಲ್ಲದೆ ಬರಹದಲ್ಲಿ ದೂರು ಕೊಡಿ.

9. ಓಸಿ ಇಲ್ಲದೆ ಗೃಹಪ್ರವೇಶದ ಮುಹೂರ್ತ ಇಡಿಸಬೇಡಿ

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸ್ವಾಧೀನ ಪ್ರಮಾಣಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು ಕೊಡಬಾರದೆಂದು ನಿರ್ದೇಶಿಸಿತು. ಮರುವರ್ಷ ಬೆಂಗಳೂರಿನಲ್ಲಿ ಕಟ್ಟಿ ಮುಗಿದ ಮನೆಗಳಿಗೂ ಕರೆಂಟು ಸಿಗದೆ ಜನ ಪರದಾಡಿದರು. 30×40 ಸೈಟಿನೊಳಗಿನ ಸಣ್ಣ ಮನೆಗಳಿಗೆ ಸರ್ಕಾರ ಬಳಿಕ ವಿನಾಯಿತಿ ಕೊಟ್ಟಿತಾದರೂ ಅಪಾರ್ಟ್‌ಮೆಂಟಿಗೆ ಆ ಭರವಸೆಯಿಲ್ಲ.

10. ವಕೀಲರು ನಿಮ್ಮವರೇ ಇರಲಿ

ಮಾರುವವರ ವಕೀಲರೂ ಬೇಡ, ಬ್ಯಾಂಕಿನ ವಕೀಲರ ವರದಿಯೇ ಸಾಕೆಂಬ ಧೈರ್ಯವೂ ಬೇಡ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು.

11. ಇಬ್ಬರ ಹೆಸರು, ಒಂದು ಕಡತ

ಸಾಲ ಇಬ್ಬರೂ ತೀರಿಸುತ್ತಿದ್ದರೆ ಕ್ರಯಪತ್ರದಲ್ಲೂ ಇಬ್ಬರ ಹೆಸರಿರಲಿ. ಸಂಬಳವಿಲ್ಲದೆ ಮನೆ ನಡೆಸುವ ಹೆಂಡತಿಯ ಹೆಸರೂ ಇರಲಿ ಎಂದು ನಾನು ಹೇಳುತ್ತೇನೆ. ಆಕೆ ಮನೆ ನಿಭಾಯಿಸುವುದರಿಂದಲೇ ಇನ್ನೊಬ್ಬರ ಸಂಬಳದಲ್ಲಿ ಕಂತು ಮಿಗುತ್ತದೆ. ಬೆಲೆ 50 ಲಕ್ಷ ಅಥವಾ ಅದಕ್ಕೂ ಮೇಲಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವುದು ಕೊಳ್ಳುವವರ ಹೊಣೆ. ಅದರ ರಸೀದಿಯೂ ಕಡತದಲ್ಲಿರಲಿ.

ಕಡತ ಎಲ್ಲಿದೆ ಎಂದು ಮನೆಯ ದೊಡ್ಡವರಿಗೆಲ್ಲ ಗೊತ್ತಿರಲಿ. ಮೂಲಪತ್ರ, ಇಸಿ, ಖಾತೆ, ತೆರಿಗೆ ರಸೀದಿ, ನಕ್ಷೆ, ಸಾಲದ ಕಾಗದ, ವಿಮೆ ಒಂದೇ ಕಡೆ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರಗಳನ್ನು ಮರಳಿಸಬೇಕು. ತನ್ನ ಕಾರಣಕ್ಕೆ ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಡಿಸೆಂಬರಿನಿಂದ ನಿಯಮ ಮಾಡಿದೆ. ಕೇಳಿ ಪಡೆಯಿರಿ.

12. ತಿಂಗಳಿಗೊಂದು ಸಂಜೆ ಮನೆಯ ಲೆಕ್ಕಕ್ಕೆ

ಟಿವಿ ಆರಿಸಿ, ಮೊಬೈಲು ಬದಿಗಿಟ್ಟು, ಎಲ್ಲರೂ ಕೂರಿ. ಕಂತು, ಶಾಲೆ ಶುಲ್ಕ, ಅಜ್ಜನ ಔಷಧಿ, ಹಬ್ಬ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ, ಅದನ್ನು ನೆನಪಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿ. ಬೆಂಗಳೂರಿನಲ್ಲಿ 30×40ರ ಹೊಸ ಮನೆಗೂ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯ. ಮುಂಗಾರಿಗೆ ಮುಂಚೆ ಅದರ ಸೋಸುಗುಂಡಿ ತೊಳೆಯುವುದೂ ಈ ಪಟ್ಟಿಯಲ್ಲಿರಲಿ.

13. ಹಳೆಯ ಸೀರೆ ಎಸೆಯಬೇಡಿ, ಕೌದಿಗೆ ಆರಿಸಿ

ಹೊಸ ಮನೆಗೆ ಹೊರಡುವಾಗ ಮೊದಲು ಹೊರಬೀಳುವುದು ಟ್ರಂಕಿನ ಹಳೆಯ ಸೀರೆಗಳು. ಎಸೆಯುವ ಮುನ್ನ ನಿಲ್ಲಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಈಗಲೂ ಅಜ್ಜಿಯ ಸೀರೆ, ಅಪ್ಪನ ಧೋತ್ರ, ಮಗುವಿನ ಅಂಗಿಯ ಚೂರು ಸೇರಿ ಕೌದಿಯಾಗುತ್ತವೆ. ಸುಗ್ಗಿ ಮುಗಿದು ಬಿಡುವಾದಾಗ ಕಟ್ಟೆಯ ಮೇಲೆ ನಾಲ್ಕಾರು ಹೆಂಗಸರು ಕೂತು ಹೊಲಿಯುವ ಕೆಲಸ ಇದು. ಬಾಣಂತಿಗೆ, ತೊಟ್ಟಿಲಿಗೆ, ಗಂಡನ ಮನೆಗೆ ಹೊರಟ ಮಗಳಿಗೆ ಒಂದೊಂದು.

ಹತ್ತಿಯದನ್ನಷ್ಟೇ ಆರಿಸಿ. ಪಾಲಿಯೆಸ್ಟರ್ ಬೆರೆಸಿದರೆ ತೊಳೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗದು. ಕೌದಿ ಗುಳ್ಳೆ ಎದ್ದು ಕೂರುತ್ತದೆ. ಗಂಜಿ ಹೋಗುವಂತೆ ಒಗೆದು ಒಣಗಿಸಿ. ಬಿಳಿ ಬಟ್ಟೆಯನ್ನು ಒದ್ದೆಮಾಡಿ ಸೀರೆಯ ಮೂಲೆಗೆ ಉಜ್ಜಿ. ಬಣ್ಣ ಅಂಟಿದರೆ ಆ ಸೀರೆ ಬೇಡ. ತೀರಾ ಜೀರ್ಣವಾದದ್ದು ಒಳಪದರಕ್ಕೆ, ಗಟ್ಟಿಯಿರುವುದು ಕೆಳಪದರಕ್ಕೆ.

14. ಅಳತೆ ಸರಳ: ಒಂದು ಸೀರೆ, ಒಂದು ಪದರ

ಐದೂವರೆ ಮೀಟರಿನ ಸೀರೆಯಿಂದ 2.2 ಮೀಟರಿನ ಎರಡು ತುಂಡು ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿದರೆ ಇಬ್ಬರು ಹೊದೆಯುವಷ್ಟು ಅಗಲದ ಒಂದು ಪದರವಾಯಿತು. ಉಳಿದ ಒಂದು ಮೀಟರು ಮೇಲಿನ ಚೂರುಗಳಿಗೆ, ಅಂಚುಪಟ್ಟಿಗೆ. ಬೆಂಗಳೂರಿನ ಚಳಿಗೆ ಮೂರು ಪದರ ಸಾಕು, ಬೀದರಿನ ಡಿಸೆಂಬರಿಗೆ ಐದು ಹಾಕಿ. ಅದಕ್ಕೂ ಹೆಚ್ಚಾದರೆ ಸೂಜಿ ದಾಟದು.

ಪದರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಲು ನಾಲ್ಕು ಮೂಲೆಗೆ ನಾಲ್ಕು ಜನ ಬೇಕು. ಎಳೆದು ಹಿಡಿದು, ನಡುವಿನಿಂದ ಹೊರಗೆ ಅಂಗೈಯಲ್ಲಿ ಸವರಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಮನೆಯ ಗಂಡಸರು, ಹುಡುಗರು ಇಲ್ಲಿಂದಲೇ ಕೈಹಾಕಲಿ. ಸೂಜಿಗೆ ದಾರ ಪೋಣಿಸಲು ಹತ್ತು ವರ್ಷದ ಕಣ್ಣೇ ಬೇಕು, ಗಂಟು ಹಾಕಲು ಎಪ್ಪತ್ತರ ಕೈ.

15. ಅಂಚಿನಿಂದ ಒಳಕ್ಕೆ ಹೊಲಿಯಿರಿ

ಹಲವೆಡೆ ಸಾಲುಸಾಲಾಗಿ ನೇರ ಹೊಲಿಯುತ್ತಾರೆ. ನನಗೆ ಇಷ್ಟ ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ದಾರಿ. ಆಫ್ರಿಕಾ ಮೂಲದ ಈ ಸಮುದಾಯದವರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿದ್ದಾರೆ. ಅವರು ಕೌದಿಯನ್ನು ಕವಂದಿ ಎನ್ನುತ್ತಾರೆ. ಒಂದು ಮೂಲೆಯಿಂದ ಶುರುಮಾಡಿ, ಅಂಚಿನಗುಂಟ ಸುತ್ತುತ್ತ, ಚೂರಿನ ಮೇಲೆ ಚೂರು ಕೂಡಿಸುತ್ತ, ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಕೆಂಪಿನ ಪಕ್ಕ ಯಾವ ಬಣ್ಣ ಬೇಕೆಂದು ಆ ಕ್ಷಣಕ್ಕೆ ಕೈಗೆ ಸಿಕ್ಕ ಚೂರುಗಳಲ್ಲೇ ನೋಡಿ ತೀರ್ಮಾನ. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ ಮೂಡುವುದುಂಟು. ಕೊನೆಯಲ್ಲಿ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ‘ಫೂಲ’ ಎಂಬ ಹೂವು ಇಡುತ್ತಾರೆ. ಫೂಲ ಇಲ್ಲದ ಕವಂದಿ ಅವರ ಪಾಲಿಗೆ ಬತ್ತಲೆ.

ನೀವು ಹೊಸಬರಾದರೆ ಮೊದಲು ತೊಟ್ಟಿಲ ಕೌದಿಯಷ್ಟು ಸಣ್ಣದು ಮಾಡಿ. ಸಾಲಿನಿಂದ ಸಾಲಿಗೆ ಬೆರಳಗಲದ ಅಂತರ. ದಾರ ಎರಡೆಳೆಯಾಗಿರಲಿ, ಮೇಣ ಸವರಿ ಎಳೆಯಿರಿ; ತೊಡಕಾಗುವುದಿಲ್ಲ, ಬೇಗ ಸವೆಯುವುದಿಲ್ಲ. ದಾರವನ್ನು ತುಂಬ ಜಗ್ಗಿದರೆ ಬಟ್ಟೆ ಮುದುಡುತ್ತದೆ. ದಿನಕ್ಕೆ ನಾಲ್ಕು ಸಾಲು ಹೊಲಿದರೂ ಸರಿ. ತಿಂಗಳುಗಳೇ ಹಿಡಿಯಲಿ, ಯಾರಿಗೆ ಬಿಡುವಾಯಿತೋ ಅವರು ಮುಂದುವರಿಸುವಂತೆ ಹಜಾರದ ಮೂಲೆಯಲ್ಲೇ ಮಡಿಚಿಡಿ.

16. ಹೊಲಿಸುವುದಾದರೆ ಕೂಲಿಯಲ್ಲಿ ಚೌಕಾಸಿ ಬೇಡ

ಪುರುಸೊತ್ತಿಲ್ಲದವರು ಹೊಲಿಯುವವರಿಗೆ ಕೊಡಿ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರು ಉತ್ತರ ಕರ್ನಾಟಕದ ಕಡೆ ಇನ್ನೂ ಇದ್ದಾರೆ. ಬಟ್ಟೆ ಹಳೆಯದೆಂದು ಕೂಲಿಯನ್ನೂ ಅಗ್ಗಮಾಡುವುದು ಅನ್ಯಾಯ. ಸಾವಿರಾರು ಹೊಲಿಗೆಗಳನ್ನು ಬೆನ್ನು ಬಗ್ಗಿಸಿ ಕೈಯಲ್ಲೇ ಹಾಕಿರುತ್ತಾರೆ. ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿ, ನಿಮ್ಮೂರಿನ ಗಾರೆ ಕೆಲಸದವರ ದಿನಗೂಲಿಯಿಂದ ಗುಣಿಸಿ ನೋಡಿ. ಅದಕ್ಕಿಂತ ಕಡಿಮೆ ಕೊಡಬೇಡಿ. ಅರ್ಧ ಮುಂಗಡವಾಗಿ ಕೊಡಿ. ಯಾರ ಸೀರೆ ಎಲ್ಲಿ ಬರಬೇಕೆಂಬ ಆಸೆಯಿದ್ದರೆ ಮೊದಲೇ ಹೇಳಿ, ಉಳಿದ ಬಣ್ಣಗಳ ಜೋಡಣೆಯನ್ನು ಅವರಿಗೇ ಬಿಡಿ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಒಗೆಯಿರಿ. ನೆನೆದ ಕೌದಿ ಒಬ್ಬರಿಂದ ಎತ್ತಲಾಗದಷ್ಟು ಭಾರವಾಗುತ್ತದೆ, ಹಿಂಡಲು ಇಬ್ಬರು ಬೇಕು.